ಮಾತಾಡುವ ಸಿಂಹ, ಮಾತಾಡುವ ಹುಲಿ: ನಮ್ಮ ತಕ್ಕಡಿಯಲ್ಲಿ ಎರಡು ಕಲ್ಲು ಬೇಡ

ಮುಳಬಾಗಿಲಿನಲ್ಲಿ ಕೂತು ಕೇಳುತ್ತಿರುವವರಿಗೂ, ಬೆಂಗಳೂರಿನ ಪಿಜಿಯಲ್ಲಿ, ಆಫೀಸ್ ಬಸ್ಸಿನಲ್ಲಿ ಇದನ್ನು ಮೊಬೈಲಿನಲ್ಲಿ ಓದುತ್ತಿರುವ ನಮ್ಮ ಯೌವನಸ್ಥರಿಗೂ ಕರ್ತನ ಸಮಾಧಾನ ಇರಲಿ.

ಬೈಬಲ್ ತೆಗೆಯಿರಿ. ನ್ಯಾಯಸ್ಥಾಪಕರು 9ನೇ ಅಧ್ಯಾಯ, 7ರಿಂದ 15ನೇ ವಚನ. ಅದನ್ನು ತೆರೆದು ಇಟ್ಟುಕೊಳ್ಳಿ, ಒಂದು ನಿಮಿಷದಲ್ಲಿ ಅಲ್ಲಿಗೆ ಬರೋಣ.

ಈಚೆಗೆ ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳು ಈಗ ಕತೆ ಕೇಳುವ ವಯಸ್ಸಿಗೆ ಬಂದಿರುವ ಕುಟುಂಬಗಳು ನಮ್ಮ ಸಭೆಯಲ್ಲಿ ಇವೆ. ಅವರು ಕೇಳುವ ಪ್ರಶ್ನೆ ಇದು: 'ಬ್ರದರ್, ಮಕ್ಕಳಿಗೆ ಯಾವ ಕತೆ ಓದಿಸಬಹುದು, ಯಾವುದು ಬೇಡ? ಪ್ರಾಣಿ ಮಾತಾಡುತ್ತೆ, ಮರ ನಡೆಯುತ್ತೆ, ಮಾಯೆ ಮಂತ್ರ ಬರುತ್ತೆ. ಇದೆಲ್ಲ ವಿಶ್ವಾಸಿಗಳ ಮನೆಗೆ ಸರಿಯಾ?' ಸಣ್ಣ ಪ್ರಶ್ನೆ ಅಂತ ಕಾಣುತ್ತೆ. ಆದರೆ ಅಲ್ಲ. ಮಗುವಿಗೆ ಐದು ವರ್ಷದೊಳಗೆ ಹೇಳಿದ ಕತೆ ಅದಕ್ಕೆ ಐವತ್ತು ವರ್ಷ ಆದಮೇಲೂ ಒಳಗೆ ಕೂತಿರುತ್ತೆ. ಪಾಪ ಅಂದರೆ ಏನು, ಮಾತು ಉಳಿಸಿಕೊಳ್ಳುವುದು ಅಂದರೆ ಏನು, ತಪ್ಪು ಮಾಡಿದವನ ಗತಿ ಏನು ಅಂತ ಮಗು ಮೊದಲು ಕಲಿಯುವುದು ಸಂಡೇ ಸ್ಕೂಲ್ ಪುಸ್ತಕದಿಂದಲ್ಲ, ಮಲಗುವ ಹೊತ್ತಿನ ಕತೆಯಿಂದ.

ಮೊದಲನೆಯ ಮಾತು: ಮರ ಮಾತಾಡಿದ್ದು ಪಾಪವಲ್ಲ.

ಈಗ ನ್ಯಾಯಸ್ಥಾಪಕರು 9 ನೋಡಿ. ಅಬೀಮೆಲೆಕ ತನ್ನ ಅಣ್ಣತಮ್ಮಂದಿರು ಎಪ್ಪತ್ತು ಜನರನ್ನು ಒಂದೇ ಬಂಡೆಯ ಮೇಲೆ ಕೊಲ್ಲಿಸಿ ಅರಸನಾಗಿದ್ದಾನೆ. ತಪ್ಪಿಸಿಕೊಂಡವನು ಚಿಕ್ಕವನಾದ ಯೋತಾಮ ಒಬ್ಬನೇ. ಅವನ ಹತ್ತಿರ ಸೈನ್ಯ ಇಲ್ಲ, ದುಡ್ಡಿಲ್ಲ. ಗೆರಿಜ್ಜೀಮ್ ಬೆಟ್ಟದ ತುದಿ ಹತ್ತಿ ನಿಂತು ಅವನು ಮಾಡಿದ್ದೇನು? ಕತೆ ಹೇಳಿದ. ಮರಗಳೆಲ್ಲ ಸೇರಿ ತಮಗೆ ಒಬ್ಬ ಅರಸ ಬೇಕು ಅಂತ ಹೊರಟವು. ಎಣ್ಣೇಮರವನ್ನು ಕೇಳಿದವು, ಅಂಜೂರವನ್ನು ಕೇಳಿದವು, ದ್ರಾಕ್ಷಾಬಳ್ಳಿಯನ್ನು ಕೇಳಿದವು. ಫಲ ಕೊಡುವ ಮರಗಳೆಲ್ಲ ಬೇಡ ಅಂದವು. ಕೊನೆಗೆ ಮುಳ್ಳಿನ ಪೊದೆ ಒಪ್ಪಿಕೊಂಡಿತು, ಬನ್ನಿ, ನನ್ನ ನೆರಳಲ್ಲಿ ಇರಿ ಅಂತ ಕರೆಯಿತು. ನಮ್ಮ ಕೆರೆ ಅಂಗಳದಲ್ಲಿ ಬೆಳೆದಿರುವ ಜಾಲಿಮುಳ್ಳನ್ನು ಜ್ಞಾಪಿಸಿಕೊಳ್ಳಿ. ಅದರ ಕೆಳಗೆ ಯಾರು ಕೂರುತ್ತಾರೆ? ಯೋತಾಮನ ಕತೆ ಕೇಳಿದ ರೈತನಿಗೆ ತಕ್ಷಣ ಅರ್ಥ ಆಗಿರುತ್ತೆ.

ಇದು ದೇವರ ವಾಕ್ಯದಲ್ಲಿ ಇದೆ. ಅರಣ್ಯಕಾಂಡ 22ರಲ್ಲಿ ಬಿಳಾಮನ ಕತ್ತೆ ಮಾತಾಡುತ್ತೆ, ಅದು ಅದ್ಭುತ. ಆದರೆ ಇಲ್ಲಿ ಮರಗಳು ಮಾತಾಡುವುದು ಅದ್ಭುತವಲ್ಲ, ಇದು ಕಟ್ಟಿದ ಕತೆ. ಮರಗಳು ನಿಜವಾಗಿ ಸಭೆ ಸೇರಿದವು ಅಂತ ಯೋತಾಮನೂ ಹೇಳಲಿಲ್ಲ, ಜನರೂ ಹಾಗೆ ತಿಳಿಯಲಿಲ್ಲ. ಆದರೂ ಅದು ಸುಳ್ಳಲ್ಲ. ಪ್ರವಾದಿ ನಾತಾನ ದಾವೀದನ ಮುಂದೆ ನೇರವಾಗಿ ನೀನು ಪಾಪಿ ಅಂತ ಶುರು ಮಾಡಲಿಲ್ಲ, ಬಡವನ ಒಂದೇ ಒಂದು ಕುರಿಮರಿಯ ಕತೆಯಿಂದ ಶುರು ಮಾಡಿದ. ಕತೆ ಒಳಗೆ ಹೋದಮೇಲೆ ದಾವೀದನಿಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಆದ್ದರಿಂದ ಪ್ರಾಣಿ ಮಾತಾಡಿತು, ಮರ ಮಾತಾಡಿತು ಅನ್ನುವ ಒಂದೇ ಕಾರಣಕ್ಕೆ ಪುಸ್ತಕವನ್ನು ಎಸೆಯುವವರು ನ್ಯಾಯಸ್ಥಾಪಕರ ಪುಸ್ತಕದಿಂದಲೂ ಒಂದು ಪುಟ ಹರಿಯಬೇಕಾಗುತ್ತೆ.

ನಮ್ಮ ಭಾಷೆಯ ಕ್ರೈಸ್ತ ಚರಿತ್ರೆಯಲ್ಲೂ ಇದಕ್ಕೆ ಸಾಕ್ಷಿ ಇದೆ. ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ಯಾತ್ರಿಕನ ಕತೆಯನ್ನು ಬಾಸೆಲ್ ಮಿಷನ್‌ನವರು 19ನೇ ಶತಮಾನದಲ್ಲೇ 'ಯಾತ್ರಿಕನ ಸಂಚಾರ' ಅಂತ ಕನ್ನಡಕ್ಕೆ ತಂದರು. ಅದರಲ್ಲಿ ರೆಕ್ಕೆಯಿರುವ ರಾಕ್ಷಸ ಇದ್ದಾನೆ, ಕೋಟೆಯಲ್ಲಿ ದೈತ್ಯ ಇದ್ದಾನೆ. ನಮ್ಮ ಹಿರಿಯರು ಅದನ್ನು ಮನೆಯಲ್ಲಿ ಬೈಬಲ್ ಪಕ್ಕದಲ್ಲಿ ಇಟ್ಟಿದ್ದರು.

ಎರಡನೆಯ ಮಾತು: ನಮ್ಮ ತಕ್ಕಡಿಯಲ್ಲಿ ಎರಡು ಕಲ್ಲು ಇದೆ.

ಜ್ಞಾನೋಕ್ತಿ 20:10 ತೆಗೆಯಿರಿ. ತೂಕದ ಕಲ್ಲು ಎರಡು ಬಗೆ, ಅಳತೆ ಎರಡು ಬಗೆ ಇದ್ದರೆ ಎರಡೂ ಯೆಹೋವನಿಗೆ ಅಸಹ್ಯ ಅಂತ ಅಲ್ಲಿ ಇದೆ. ನಮ್ಮ ಟೊಮ್ಯಾಟೊ ಮಂಡಿಗೆ ಹೋಗುವವರಿಗೆ ಈ ವಚನ ವಿವರಿಸಬೇಕಾಗಿಲ್ಲ. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಒಂದು ಕಲ್ಲು. ಇದೇ ಮೋಸ ನಾವು ಪುಸ್ತಕದ ವಿಷಯದಲ್ಲೂ ಮಾಡುತ್ತೇವಾ ಅಂತ ಇವತ್ತು ಪರೀಕ್ಷೆ ಮಾಡಿಕೊಳ್ಳೋಣ.

ನಮ್ಮ ಇಂಗ್ಲಿಷ್ ಮೀಡಿಯಂ ಮಕ್ಕಳ ಕೈಯಲ್ಲಿ ನಾರ್ನಿಯಾ ಪುಸ್ತಕಗಳನ್ನು ನೋಡಿದರೆ ನಮಗೆ ಖುಷಿ. ಯಾಕೆ? ಬರೆದವರು ಸಿ. ಎಸ್. ಲೂಯಿಸ್, ಕ್ರೈಸ್ತರು, ಆಕ್ಸ್‌ಫರ್ಡ್‌ನಲ್ಲಿ ಪಾಠ ಮಾಡಿದವರು. 1950ರಿಂದ 1956ರವರೆಗೆ ಏಳು ಪುಸ್ತಕ ಬಂದವು. ಅಸ್ಲಾನ್ ಅನ್ನುವ ಸಿಂಹ ದ್ರೋಹ ಮಾಡಿದ ಎಡ್ಮಂಡ್ ಅನ್ನುವ ಹುಡುಗನಿಗೋಸ್ಕರ ಕಲ್ಲಿನ ಮೇಜಿನ ಮೇಲೆ ಸಾಯುತ್ತೆ, ಮತ್ತೆ ಎದ್ದು ಬರುತ್ತೆ. ಅಲ್ಲಿ ಸುವಾರ್ತೆಯ ವಾಸನೆ ಇದೆ. ನಾನೂ ಸಂತೋಷಪಡುತ್ತೇನೆ.

ಆದರೆ ಅದೇ ಪುಸ್ತಕಗಳನ್ನು ಪೂರ್ತಿ ಓದಿದ್ದೀರಾ? ಪುಟ್ಟ ಲೂಸಿ ಆ ಲೋಕದಲ್ಲಿ ಮೊದಲು ಭೇಟಿಯಾಗುವುದು ಅರ್ಧ ಮನುಷ್ಯ, ಅರ್ಧ ಮೇಕೆಯಾದ ಟಮ್ನಸ್‌ನನ್ನು. ಅವನು ಬಂದದ್ದು ರೋಮನ್ನರ ಪುರಾಣದಿಂದ. ಎರಡನೆಯ ಪುಸ್ತಕದಲ್ಲಿ ದ್ರಾಕ್ಷಾರಸದ ದೇವರಾದ ಬ್ಯಾಕಸ್ ಹೆಸರಿನ ಸಮೇತ ಬಂದು ಕುಣಿಯುತ್ತಾನೆ. ನದಿಗೆ ಒಬ್ಬ ದೇವರು, ಮರಗಳಿಗೆ ಆತ್ಮಗಳು. ಇದನ್ನೆಲ್ಲ ನಾವು 'ಅಯ್ಯೋ ಅದು ಬರೀ ಕಲ್ಪನೆ' ಅಂತ ಬಿಟ್ಟುಬಿಡುತ್ತೇವೆ. ಆದರೆ ಶಾಲೆಯಲ್ಲಿ ಮಗು ಗೋವಿನ ಹಾಡು ಕಲಿತು ಬಂದು ಮನೆಯಲ್ಲಿ ಹಾಡಿದರೆ? ಪುಣ್ಯಕೋಟಿ ಅಂದ ಕೂಡಲೇ ನಮ್ಮಲ್ಲಿ ಕೆಲವರು ಮುಖ ಗಂಟು ಹಾಕುತ್ತಾರೆ. ಹಸು, ಪುಣ್ಯ, ಬೇಡಪ್ಪ. ರೋಮಿನ ದೇವರು ಕುಣಿದರೆ ಕಲ್ಪನೆ, ನಮ್ಮೂರಿನ ಹಸು ಮಾತಾಡಿದರೆ ವಿಗ್ರಹಾರಾಧನೆ. ಇದು ಎರಡು ಕಲ್ಲು ಅಲ್ವಾ?

ಸ್ವಲ್ಪ ಆಳಕ್ಕೆ ಹೋಗೋಣ. ನಮಗೆ ಹಿಮ ಬಿದ್ದ ಕಾಡು ಪವಿತ್ರ ಅನ್ನಿಸುತ್ತೆ, ಹುಣಸೇಮರದ ತೋಪು ದೆವ್ವದ ಜಾಗ ಅನ್ನಿಸುತ್ತೆ. ಪೈನ್ ಮರ ಅಂದರೆ ಕ್ರಿಸ್ಮಸ್, ಅರಳಿಮರ ಅಂದರೆ ಭಯ. ಎರಡನ್ನೂ ಸೃಷ್ಟಿಸಿದವನು ಒಬ್ಬನೇ ಅಲ್ಲವಾ? ಅ. ಕೃತ್ಯಗಳು 14:17ರಲ್ಲಿ ಪೌಲ ಲುಸ್ತ್ರದ ಜನರಿಗೆ ಏನು ಹೇಳಿದ? ಅವರು ಇನ್ನೂ ಕರ್ತನನ್ನು ಅರಿಯದವರು, ಹೋರಿಗಳನ್ನು ಬಲಿಕೊಡಲು ತಂದು ನಿಲ್ಲಿಸಿದ್ದವರು. ಅವರಿಗೂ ದೇವರು ಮಳೆಯನ್ನೂ ಬೆಳೆಯನ್ನೂ ಕೊಟ್ಟು ತನಗೆ ಸಾಕ್ಷಿ ಇಟ್ಟಿದ್ದಾನೆ ಅಂದ. ನಿಮ್ಮ ಮಳೆ ಬೇರೆಯವರದ್ದು ಅನ್ನಲಿಲ್ಲ. ಸಾವಿರ ಅಡಿ ಬೋರ್‌ವೆಲ್ ಕೊರೆದರೂ ನೀರು ಕಾಣದ ಈ ಕೋಲಾರದ ನೆಲದಲ್ಲಿ ಒಂದು ಮಳೆ ಬಿದ್ದು ಕೆರೆಗೆ ಹೊಸ ನೀರು ಬಂದ ದಿನ ಊರಿನ ಜನ ನೋಡಲು ಹೋಗುತ್ತಾರಲ್ಲ, ಅದೂ ದೇವರ ಸಾಕ್ಷಿಯೇ. ಯೆಶಾಯ 55:12ರಲ್ಲಿ ಚಪ್ಪಾಳೆ ತಟ್ಟುವ ಮರಗಳಲ್ಲಿ ನಮ್ಮ ಶ್ರೀನಿವಾಸಪುರದ ಮಾವಿನಮರಗಳು ಇಲ್ಲ ಅಂತ ಯಾರು ಹೇಳಿದರು?

ಇನ್ನೊಂದು ವಿಷಯ ನಮ್ಮ ಮಕ್ಕಳು ಗಮನಿಸುತ್ತಾರೆ, ನಾವು ಗಮನಿಸುವುದಿಲ್ಲ. ನಾರ್ನಿಯಾದ ದಕ್ಷಿಣಕ್ಕೆ ಮರಳುಗಾಡಿನ ಆಚೆ ಕ್ಯಾಲರ್‌ಮೆನ್ ಅನ್ನುವ ದೇಶ ಇದೆ. ಅಲ್ಲಿನವರು ಕಪ್ಪು ಮೈಬಣ್ಣದವರು, ತಲೆಗೆ ರುಮಾಲು ಸುತ್ತಿದವರು. ಅವರ ದೇವರು ಟ್ಯಾಶ್‌ಗೆ ಬೇಟೆಹಕ್ಕಿಯ ತಲೆ, ನಾಲ್ಕು ಕೈ. ಕತೆಯಲ್ಲಿ ಹೆಚ್ಚುಪಾಲು ಅವರೇ ಕೆಟ್ಟವರು. ಮುಳಬಾಗಿಲಿನ ಒಬ್ಬ ಹುಡುಗಿ ಅದನ್ನು ಓದಿ ಕನ್ನಡಿ ನೋಡಿಕೊಂಡರೆ ಅವಳು ಯಾರ ಹಾಗೆ ಕಾಣುತ್ತಾಳೆ? ಲೂಸಿಯ ಹಾಗೋ, ಶತ್ರುಗಳ ಹಾಗೋ? ಯೇಸುವಿನ ಹತ್ತಿರ ಬರಬೇಕಾದರೆ ಬಿಳಿ ಮಗುವಾಗಬೇಕು ಅಂತ ಒಂದು ಮಗು ಮನಸ್ಸಿನಲ್ಲಿ ಅಂದುಕೊಂಡರೆ, ಅದು ಬ್ಯಾಕಸ್‌ಗಿಂತ ದೊಡ್ಡ ಅಪಾಯ.

ಲೂಯಿಸ್ ಅವರಿಗೂ ನ್ಯಾಯ ಮಾಡೋಣ. ಕೊನೆಯ ಪುಸ್ತಕದಲ್ಲಿ ಅದೇ ಕ್ಯಾಲರ್‌ಮೆನ್ ದೇಶದ ಒಬ್ಬ ಯುವಕನನ್ನು ಅಸ್ಲಾನ್ ಸ್ವೀಕರಿಸುತ್ತೆ. ಅವನ ಹೆಸರು ಎಮೆತ್. ಅದು ಇಬ್ರಿಯ ಪದ, ಅರ್ಥ ಸತ್ಯ. ರಕ್ಷಣೆಯ ಬೋಧನೆಯನ್ನು ನಾವು ಕಾದಂಬರಿಯಿಂದ ತೆಗೆದುಕೊಳ್ಳುವುದಿಲ್ಲ, ಅ. ಕೃತ್ಯಗಳು 4:12 ನಮಗೆ ಸಾಕು. ಆದರೆ ಸತ್ಯ ಅನ್ನುವ ಹೆಸರನ್ನು ಅವರು ಇಟ್ಟದ್ದು ನಮ್ಮ ಬಣ್ಣದ ಹುಡುಗನಿಗೆ ಅನ್ನುವುದನ್ನು ಮಕ್ಕಳಿಗೆ ತೋರಿಸಿಕೊಡಿ.

ಮೂರನೆಯ ಮಾತು: ತಪ್ಪು ಮಾಡಿದವನು ಕೊನೆಗೆ ಎಲ್ಲಿಗೆ ಹೋಗುತ್ತಾನೆ?

ಹಾಗಾದರೆ ಒಂದೇ ಕಲ್ಲು ಯಾವುದು? ಯಾವ ದೇಶದ ಕತೆ, ಯಾವ ಭಾಷೆ, ಯಾವ ಪ್ರಾಣಿ ಅಂತ ಅಲ್ಲ. ಸುವಾರ್ತೆಯೇ ಆ ಕಲ್ಲು. ಆ ಕಲ್ಲಿನಿಂದ ಗೋವಿನ ಹಾಡನ್ನೇ ತೂಗೋಣ ಬನ್ನಿ.

ಕತೆ ನಿಮಗೆ ಗೊತ್ತು. ಗೊಲ್ಲ ಕಾಳಿಂಗನ ಹಸು ಪುಣ್ಯಕೋಟಿ ಕಾಡಿನಲ್ಲಿ ಹಸಿದ ಹುಲಿ ಅರ್ಬುತನ ಕೈಗೆ ಸಿಗುತ್ತೆ. ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಅಂತ ಮಾತು ಕೊಡುತ್ತೆ. ಹೋಗಿ, ಹಾಲು ಕೊಟ್ಟು, ಕರುವನ್ನು ಉಳಿದ ಹಸುಗಳ ಕೈಗೆ ಒಪ್ಪಿಸಿ, ವಾಪಸ್ಸು ಬರುತ್ತೆ. ಓಡಿಹೋಗಬಹುದಿತ್ತು, ಹೋಗಲಿಲ್ಲ. ಇದನ್ನು ನೋಡಿ ಹುಲಿಯ ಮನಸ್ಸು ಒಡೆದು, ಹಾರಿ ತನ್ನ ಪ್ರಾಣ ಬಿಡುತ್ತೆ.

ಇದರಲ್ಲಿ ಒಳ್ಳೆಯದು ಏನು? ಮಾತು ಉಳಿಸಿಕೊಳ್ಳುವುದು. ಮತ್ತಾಯ 5:37ರಲ್ಲಿ ಕರ್ತನು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅಂತ ಇರಬೇಕು ಅಂದ. ಹೌದು ಅಂದದ್ದನ್ನು ಹೌದು ಮಾಡಿ ತೋರಿಸುವ ಪ್ರಾಣಿ ಇದು. ನಾವು ಚೀಟಿ ದುಡ್ಡು ಎತ್ತಿಕೊಂಡು ಫೋನ್ ಸ್ವಿಚ್ ಆಫ್ ಮಾಡುತ್ತೇವೆ, ಪ್ರಾರ್ಥನೆ ಮಾಡುತ್ತೇನೆ ಅಂತ ಹೇಳಿ ಮರೆಯುತ್ತೇವೆ. ಸಾಯಲು ವಾಪಸ್ಸು ಬಂದ ಹಸುವಿನ ಮುಂದೆ ಒಬ್ಬ ವಿಶ್ವಾಸಿಗೆ ನಾಚಿಕೆಯಾದರೆ ಒಳ್ಳೆಯದೇ. ಆ ನಾಚಿಕೆಯನ್ನು ನಮ್ಮ ಮಕ್ಕಳಿಂದ ಕಿತ್ತುಕೊಳ್ಳಬೇಡಿ.

ಈಗ ಹುಲಿಯನ್ನು ನೋಡಿ. ಇಲ್ಲಿ ನಾನು ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಇದು ನಿಮ್ಮಲ್ಲಿ ಯಾರಿಗೋ ಇವತ್ತೇ ಬೇಕಾದ ಮಾತು ಅಂತ ಪವಿತ್ರಾತ್ಮನು ನನ್ನ ಹೃದಯದಲ್ಲಿ ಭಾರ ಇಟ್ಟಿದ್ದಾನೆ.

ಹುಲಿಗೆ ಪಶ್ಚಾತ್ತಾಪ ಬಂತು. ನಿಜವಾದ ಪಶ್ಚಾತ್ತಾಪ. ಆದರೆ ಆಮೇಲೆ ಹೋಗಲು ಅದಕ್ಕೆ ಜಾಗ ಇಲ್ಲ. ಕ್ಷಮಿಸಿ ಎಬ್ಬಿಸುವವರು ಆ ಕಾಡಿನಲ್ಲಿ ಯಾರೂ ಇಲ್ಲ. ಹಸು ಒಳ್ಳೆಯದು, ಆದರೆ ಹುಲಿಯ ಪಾಪವನ್ನು ಹೊರುವ ಶಕ್ತಿ ಹಸುವಿಗೆ ಇಲ್ಲ. ಆದ್ದರಿಂದ ಹುಲಿ ತನ್ನ ಪಾಪಕ್ಕೆ ತಾನೇ ಪ್ರಾಣ ಕೊಡುತ್ತೆ. ಬೈಬಲಿನಲ್ಲಿ ಈ ದಾರಿ ಹಿಡಿದವನು ಯಾರು? ಯೂದ. ಮತ್ತಾಯ 27ರಲ್ಲಿ ಅವನಿಗೂ ಪಶ್ಚಾತ್ತಾಪವಾಯಿತು, ಮೂವತ್ತು ಬೆಳ್ಳಿ ನಾಣ್ಯ ಎಸೆದ, ಹೋಗಿ ಉರ್ಲು ಹಾಕಿಕೊಂಡ. ಪೇತ್ರನೂ ಅದೇ ರಾತ್ರಿ ಕರ್ತನನ್ನು ಮೂರು ಸಾರಿ ಅರಿಯೆನೆಂದ, ಅವನೂ ಬಹಳ ಅತ್ತ. ಆದರೆ ಪೇತ್ರನಿಗೋಸ್ಕರ ಒಬ್ಬನು ಸಮಾಧಿಯಿಂದ ಎದ್ದು ಬಂದು ಕೆರೆಯ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಕಾಯುತ್ತಿದ್ದ.

ತಪ್ಪು ಮಾಡಿದವನು ಸತ್ತರೆ ಮಾತ್ರ ಸರಿಹೋಗುತ್ತೆ ಅಂತ ನಂಬಿರುವ ಯೌವನಸ್ಥರು ನಮ್ಮಲ್ಲೇ ಇದ್ದಾರೆ. ಪರೀಕ್ಷೆಯಲ್ಲಿ ಫೇಲಾದವರು, ಲೋನ್ ಆ್ಯಪ್‌ನಲ್ಲಿ ಸಿಕ್ಕಿಹಾಕಿಕೊಂಡವರು, ಮನೆಗೆ ಗೊತ್ತಾಗಬಾರದ ಪಾಪದಲ್ಲಿ ಬಿದ್ದವರು. ತಮ್ಮಾ, ತಂಗೀ, ಕೇಳಿ. ನೀನು ಆ ಹುಲಿಯಾಗಿದ್ದರೂ ಹಾರಬೇಕಾಗಿಲ್ಲ. ನಿನ್ನ ಪ್ರಾಣವನ್ನು ಬೆಲೆಯಾಗಿ ಯಾರೂ ಕೇಳುತ್ತಿಲ್ಲ, ಬೆಲೆ ಕಟ್ಟಿ ಆಗಿದೆ. ಇವತ್ತೇ ಯಾರ ಹತ್ತಿರವಾದರೂ ಮಾತಾಡು. ಸಭೆಯ ಹಿರಿಯರ ಹತ್ತಿರ ಬಾ. ಬೇಕಾದರೆ ಡಾಕ್ಟರ ಹತ್ತಿರವೂ ಹೋಗೋಣ, ಅದು ಅವಿಶ್ವಾಸವಲ್ಲ.

ಪ್ರಕಟನೆ 5ನೇ ಅಧ್ಯಾಯದಲ್ಲಿ ಯೋಹಾನ ಅಳುತ್ತಿದ್ದಾಗ, ನೋಡು, ಯೂದಕುಲದ ಸಿಂಹ ಜಯಿಸಿದ್ದಾನೆ ಅಂತ ಕೇಳಿಸಿಕೊಂಡ. ತಿರುಗಿ ನೋಡಿದರೆ ನಿಂತಿರುವುದು ಕೊಯ್ಯಲ್ಪಟ್ಟಂತಿದ್ದ ಕುರಿಮರಿ. ಲೂಯಿಸ್ ಅವರ ಕತೆಯಲ್ಲಿ ಸಿಂಹ ಇದೆ, ನಮ್ಮ ಹಾಡಿನಲ್ಲಿ ಸಾಯಲು ನಡೆದು ಬರುವ ಸಾಧು ಪ್ರಾಣಿ ಇದೆ. ನಮ್ಮ ಕರ್ತನಲ್ಲಿ ಎರಡೂ ಒಬ್ಬನೇ. ಅವನು ಪುಣ್ಯಕೋಟಿಯ ಹಾಗೆ ಮಾತು ತಪ್ಪದೆ ತಾನಾಗಿಯೇ ನಡೆದು ಬಂದ. ಆದರೆ ಅವನನ್ನು ಬಿಟ್ಟು ಕಳಿಸಲಿಲ್ಲ, ಕೊಂದರು. ಅವನ ಮರಣದಿಂದ ಹುಲಿ ಬದುಕಿತು. ಹಲ್ಲೆಲೂಯ! ಈ ಮಾತನ್ನು ಮಗುವಿಗೆ ಹೇಳಬೇಕಾದರೆ ಮೊದಲು ಮಗುವಿಗೆ ಗೋವಿನ ಹಾಡು ಗೊತ್ತಿರಬೇಕು. ಹಾಡು ಎಲ್ಲಿಗೆ ಬಂದು ನಿಂತಿತೋ ಅಲ್ಲಿಂದ ಸುವಾರ್ತೆ ಮುಂದಕ್ಕೆ ಹೋಗುತ್ತೆ.

ನಾಲ್ಕನೆಯ ಮಾತು: ಬಲಹೀನ ಮನಸ್ಸಾಕ್ಷಿಯನ್ನು ತುಳಿಯಬೇಡಿ.

ಇಷ್ಟು ಕೇಳಿ ಕೆಲವರು, ಸರಿ ಬ್ರದರ್, ಇನ್ನು ಎಲ್ಲವೂ ಓಕೆ ಅನ್ನಬಹುದು. ಇಲ್ಲ. 1 ಕೊರಿಂಥ 8 ಓದಿ. ವಿಗ್ರಹ ಏನೂ ಅಲ್ಲ ಅಂತ ಪೌಲನಿಗೆ ಗೊತ್ತು. ಆದರೆ ನಿನ್ನೆಯವರೆಗೂ ಆ ವಿಗ್ರಹದ ಮುಂದೆ ಅಡ್ಡಬಿದ್ದವನಿಗೆ ಆ ಮಾಂಸ ಬರೀ ಮಾಂಸವಲ್ಲ. ನಮ್ಮ ತಾಲ್ಲೂಕಿನಲ್ಲೇ ನೋಡಿ. ಆವಣಿ ಬೆಟ್ಟದಲ್ಲಿ ಸೀತೆ ಲವಕುಶರನ್ನು ಹೆತ್ತಳು ಅಂತ ಇಲ್ಲಿನ ಜನ ಹೇಳುತ್ತಾರೆ. ಶಾಲೆಯ ಮಕ್ಕಳು ಅಲ್ಲಿಗೆ ಪ್ರವಾಸ ಹೋಗುತ್ತಾರೆ. ನೆರೆಯವರಿಗೆ ಅದು ಕತೆಯಲ್ಲ, ಪೂಜೆ. ಅದನ್ನು ಗೌರವದಿಂದ ತಿಳಿದುಕೊಳ್ಳಿ, ಯಾರನ್ನೂ ಹೀಯಾಳಿಸಬೇಡಿ. ಆದರೆ ಹರಕೆ, ತಾಯಿತ, ಜಾತ್ರೆ ಎಲ್ಲ ಬಿಟ್ಟು ಕರ್ತನ ಹತ್ತಿರ ಬಂದ ಅಕ್ಕ ಒಬ್ಬಳಿಗೆ ಆ ಕತೆ ಕೇಳಿದರೆ ಹಳೆಯ ಭಯ ಎದ್ದು ಬರುತ್ತದೆ ಅಂದರೆ, ಅವಳ ಮುಂದೆ 'ಇದು ಬರೀ ಸಾಹಿತ್ಯ' ಅಂತ ಲೆಕ್ಚರ್ ಕೊಡಬೇಡಿ. ಪ್ರೀತಿ ಇರುವವನು ಅಲ್ಲಿ ಸುಮ್ಮನಿರುತ್ತಾನೆ.

ಹ್ಯಾರಿ ಪಾಟರ್ ಬಗ್ಗೆಯೂ ಇದೇ ಮಾತು. ಧರ್ಮೋಪದೇಶಕಾಂಡ 18 ಮಾಟಮಂತ್ರವನ್ನು ಖಂಡಿಸುತ್ತೆ, ಅದರಲ್ಲಿ ಚರ್ಚೆ ಇಲ್ಲ. ಮಾಟಕ್ಕೆ ಇನ್ನೂ ದುಡ್ಡು ಕೊಡುವ ಮನೆಗಳು ಇರುವ ನಮ್ಮ ಊರಿಗೂ, ಮಂತ್ರದಂಡ ಬರೀ ಆಟಿಕೆಯಾಗಿರುವ ಊರಿಗೂ ವ್ಯತ್ಯಾಸ ಇದೆ. ನಿಮ್ಮ ಮಗುವನ್ನು ನೋಡಿ. ಕತೆ ಮುಗಿದಮೇಲೆ ಅದು ಧೈರ್ಯ, ಸ್ನೇಹದ ಬಗ್ಗೆ ಮಾತಾಡುತ್ತಾ, ಅಥವಾ ಬೇರೆಯವರ ಮೇಲೆ ಗುಪ್ತ ಶಕ್ತಿ ಬೇಕು ಅಂತ ಆಸೆಪಡುತ್ತಾ? ಎರಡನೆಯದಾದರೆ ಪುಸ್ತಕ ಮುಚ್ಚಿ. 1 ಥೆಸಲೊನೀಕ 5:21 ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಅನ್ನುತ್ತೆ. ಪರಿಶೋಧಿಸಬೇಕಾದರೆ ನೀವೇ ಮೊದಲು ಓದಬೇಕು. ವಾಟ್ಸಾಪ್ ಫಾರ್ವರ್ಡ್ ಪರಿಶೋಧನೆಯಲ್ಲ.

ಕೊನೆಯದಾಗಿ, ಕತೆಗಳನ್ನು ನಮ್ಮ ನೆಲಕ್ಕೆ ತನ್ನಿ.

ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿಗಳ ಕತೆಯನ್ನು ರಾಬರ್ಟ್ ಬ್ರೌನಿಂಗ್ 1842ರಲ್ಲಿ ಇಂಗ್ಲಿಷ್ ಪದ್ಯವಾಗಿ ಪ್ರಕಟಿಸಿದರು. ಕುವೆಂಪು ಅದನ್ನು ಕನ್ನಡದ ಮಕ್ಕಳಿಗೆ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಮಾಡಿದರು. ವೇಸರ್ ನದಿ ತುಂಗೆಯಾಯಿತು, ಮೇಯರ್ ಗೌಡನಾದ, ಕೊಳಲಿನವನು ಕಿಂದರಿ ಹಿಡಿದ ಜೋಗಿಯಾದ. ಆದರೆ ಕತೆಯ ಎಲುಬು ಬದಲಾಗಲಿಲ್ಲ. ಹಿರಿಯರು ಕೊಡುತ್ತೇವೆ ಅಂದ ದುಡ್ಡು ಕೊಡಲಿಲ್ಲ, ಊರು ತನ್ನ ಮಕ್ಕಳನ್ನು ಕಳೆದುಕೊಂಡಿತು. ಸಭೆಯ ಹಿರಿಯರೇ, ತಂದೆತಾಯಿಗಳೇ, ಈ ಕತೆ ಮಕ್ಕಳಿಗಿಂತ ಹೆಚ್ಚಾಗಿ ನಮಗೆ. ನಾವು ಮಾತು ತಪ್ಪಿದರೆ ಮಕ್ಕಳು ಯಾರ ಹಾಡಿನ ಹಿಂದೆಯಾದರೂ ಹೋಗುತ್ತಾರೆ, ನಾವು ನೋಡುತ್ತಾ ನಿಲ್ಲಬೇಕಾಗುತ್ತೆ.

ಸುವಾರ್ತೆಯನ್ನೂ ಹೀಗೆ ನಮ್ಮ ಬಂಡೆ, ನಮ್ಮ ಕೆರೆ, ನಮ್ಮ ಜಾಲಿಮುಳ್ಳಿನ ಮಾತಿನಲ್ಲಿ ಹೇಳುವ ಬರಹಗಾರರು ಈ ಪೀಳಿಗೆಯಿಂದ ಏಳಲಿ. ಮುಳಬಾಗಿಲು ಅಂದರೆ ಮೂಡಲ ಬಾಗಿಲು, ಪೂರ್ವದ ಬಾಗಿಲು ಅಂತ ಅರ್ಥ ಹೇಳುತ್ತಾರೆ. ಲೂಸಿ ಒಂದು ಕಪಾಟಿನ ಬಾಗಿಲು ತೆರೆದು ಬೇರೆ ಲೋಕಕ್ಕೆ ಹೋದಳು. ಯೋಹಾನ 10:9ರಲ್ಲಿ ತಾನೇ ಬಾಗಿಲು ಅಂದವನ ಹತ್ತಿರ ಬರಲು ನಮ್ಮ ಮಗು ಮೊದಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಅವನು ಇಲ್ಲೇ ಇದ್ದಾನೆ, ನಮ್ಮ ಭಾಷೆ ಅವನಿಗೆ ಬರುತ್ತೆ.

ಈ ವಾರ ಒಂದು ಕೆಲಸ ಮಾಡಿ. ಒಂದು ರಾತ್ರಿ ಫೋನ್ ಪಕ್ಕಕ್ಕಿಟ್ಟು ಮಗುವಿಗೆ ಒಂದು ಕತೆ ಹೇಳಿ. ಸ್ವಂತ ಮಕ್ಕಳಿಲ್ಲದವರು ಅಣ್ಣನ ಮಗುವಿಗೆ, ಪಕ್ಕದ ಮನೆ ಮಗುವಿಗೆ ಹೇಳಿ. ಮುಗಿದಮೇಲೆ ಒಂದೇ ಪ್ರಶ್ನೆ ಕೇಳಿ: 'ತಪ್ಪು ಮಾಡಿದವನಿಗೆ ಆಮೇಲೆ ಏನಾಗಬೇಕು ಅಂತ ನಿನಗೆ ಅನ್ನಿಸುತ್ತೆ?' ಮಗು ಏನು ಹೇಳುತ್ತೋ ಕೇಳಿಸಿಕೊಳ್ಳಿ. ಅಲ್ಲಿಂದ ಯೇಸುವಿನ ಬಗ್ಗೆ ಮಾತಾಡಿ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ಬೆಟ್ಟವನ್ನೂ ಬಯಲನ್ನೂ ಉಂಟುಮಾಡಿದ ದೇವರೇ, ನಮ್ಮ ಕೈಯಿಂದ ಎರಡು ತೂಕದ ಕಲ್ಲುಗಳನ್ನು ತೆಗೆದುಹಾಕು. ನಮ್ಮ ಮಕ್ಕಳಿಗೆ ನಿನ್ನ ಮಗನ ಮುಖವನ್ನು ಅವರದೇ ಭಾಷೆಯಲ್ಲಿ ತೋರಿಸಲು ನಮಗೆ ಬಾಯಿ ಕೊಡು. ತನ್ನ ತಪ್ಪಿನಿಂದ ಹೆದರಿ ಅಂಚಿನಲ್ಲಿ ನಿಂತಿರುವ ಪ್ರತಿಯೊಬ್ಬ ಮಗನನ್ನೂ ಮಗಳನ್ನೂ ಈ ಗಳಿಗೆಯಲ್ಲಿ ನೀನೇ ಕೈಹಿಡಿದು ಎಳೆದುಕೋ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.